ಈಸು ಬಂದರೆ ಸಾಲದು: ಸೆಳವಿನ ನೀರು ಕಲಿಸಿದ ಹನ್ನೊಂದು ಪಾಠ

ನನ್ನ ಕಸುಬು ಮೋಟರ್ ರಿವೈಂಡಿಂಗ್. ಗೋಕಾಕ ತಾಲ್ಲೂಕಿನ ಅಂಕಲಗಿ ಸುತ್ತಲಿನ ಹಳ್ಳಿಗಳಲ್ಲಿ ಸುಟ್ಟ ಪಂಪ್‌ಸೆಟ್ ಒಮ್ಮೆಯಾದರೂ ನಮ್ಮ ಅಂಗಡಿಯ ಕಟ್ಟೆ ಹತ್ತಿರುತ್ತದೆ. ಬೇಸಿಗೆಯಲ್ಲಿ ನೀರು ಇಳಿದಂತೆ ರೈತರು ಮೋಟರನ್ನು ಹೊಳೆಯೊಳಕ್ಕೆ ಇಳಿಸುತ್ತ ಹೋಗುತ್ತಾರೆ. ಮಳೆಗಾಲದಲ್ಲಿ ನೀರು ತಾನೇ ಮೋಟರನ್ನು ಹುಡುಕಿಕೊಂಡು ಮೇಲೆ ಬರುತ್ತದೆ. ಆಗ ಫೋನು: "ಮಾವಾ, ಹೊಳಿ ಏರಾಕತ್ತೈತಿ, ಮೋಟರ್ ಬಿಚ್ಚಬೇಕು, ಲಗೂನ ಬಾ."

2019ರ ಆಗಸ್ಟ್ ಮೊದಲ ವಾರ ಬಂದದ್ದೂ ಅಂಥದೇ ಫೋನು. ಆ ವರ್ಷ ಘಟಪ್ರಭಾ, ಮಾರ್ಕಂಡೇಯ ಎರಡೂ ಹೊಳೆಗಳು ಒಟ್ಟಿಗೇ ಬಂದವು. ಗೋಕಾಕದಲ್ಲಿ ಲೋಳಸೂರ ಸೇತುವೆ ಮುಳುಗಿತು, ಊರ ಓಣಿಗಳಿಗೆ ನೀರು ಹೊಕ್ಕಿತು. ನಾನು ಮಾರ್ಕಂಡೇಯದ ದಂಡೆಯಲ್ಲಿ ಒಬ್ಬ ರೈತರ ಏಳೂವರೆ ಎಚ್‌ಪಿ ಮೋಟರ್ ತೆಗೆಯಲು ನಡುಮಟ್ಟ ನೀರಿಗೆ ಇಳಿದೆ. ಸಣ್ಣವನಿದ್ದಾಗ ಬಾವಿಯಲ್ಲಿ ಬೆನ್ನಿಗೆ ಡಬ್ಬಿ ಕಟ್ಟಿಕೊಂಡು ಈಸು ಕಲಿತವನು ನಾನು. ಹೆದರಿಕೆ ಇರಲಿಲ್ಲ. ಆದರೂ ಜಾಣತನಕ್ಕೆಂದು ನಡುವಿಗೆ ಹಗ್ಗ ಬಿಗಿದುಕೊಂಡಿದ್ದೆ. ದಂಡೆಯ ಮೇಲೆ ನಾಲ್ಕು ಜನ ಅದನ್ನು ಹಿಡಿದಿದ್ದರು.

ಕಾಲು ಜಾರಿತು. ನಾಲ್ವರೂ ಜೀವ ಬಿಟ್ಟು ಎಳೆದರು. ಅವರು ಎಳೆದಷ್ಟೂ ನಾನು ಮುಳುಗಿದೆ. ಮೇಲೆ ಬರಲು ಒದ್ದಾಡಿದಂತೆಲ್ಲ ನೀರು ನನ್ನನ್ನು ಕೆಳಕ್ಕೇ ಒತ್ತಿತು. ಕೊನೆಗೆ ಒಬ್ಬನ ಅಂಗೈ ಸುಲಿದು ಹಗ್ಗ ಜಾರಿತು, ಉಳಿದವರೂ ಹಿಡಿತ ಬಿಟ್ಟರು. ಆ ಕ್ಷಣಕ್ಕೆ ನಾನು ತೇಲಿದೆ. ಐವತ್ತು ಮಾರು ಕೆಳಗೆ ಒಂದು ತಿರುವಿನಲ್ಲಿ ದಂಡೆ ಸಿಕ್ಕಿತು.

ಬಿಗಿ ಹಿಡಿದಾಗ ಸಾಯುತ್ತಿದ್ದವನು ಕೈ ಬಿಟ್ಟಾಗ ಬದುಕಿದ್ದು ಹೇಗೆ? ಆರು ತಿಂಗಳು ಈ ಪ್ರಶ್ನೆ ತಲೆಯಲ್ಲಿ ತಿರುಗಿತು. ದೇವರ ಸತ್ವ ಎಂದರು ಮನೆಯವರು. 2020ರ ಫೆಬ್ರುವರಿಯಲ್ಲಿ ಜೋಯಿಡಾ ತಾಲ್ಲೂಕಿನ ಗಣೇಶಗುಡಿಯಲ್ಲಿ, ಸೂಪಾ ಅಣೆಕಟ್ಟೆಯ ಕೆಳಗಿನ ಕಾಳಿ ನದಿಯಲ್ಲಿ, ಸೆಳವಿನ ನೀರಿನ ರಕ್ಷಣೆಯ ನಾಲ್ಕು ದಿನದ ಪ್ರಾಥಮಿಕ ತರಬೇತಿಗೆ ಸೇರಿದೆ. ರ್‍ಯಾಫ್ಟಿಂಗ್ ಗೈಡ್ ಆಗಬೇಕೆಂದು ಬಂದ ಹುಡುಗರ ನಡುವೆ ನಾನೊಬ್ಬನೇ ನಲವತ್ತು ದಾಟಿದವನು. ನನ್ನ ಪ್ರಶ್ನೆಗೆ ಮೊದಲ ದಿನ ಮಧ್ಯಾಹ್ನವೇ ಉತ್ತರ ಸಿಕ್ಕಿತು. ಅದರ ಜೊತೆಗೆ ಸಿಕ್ಕ ಪಾಠಗಳನ್ನು, ಆಮೇಲಿನ ಮಳೆಗಾಲಗಳಲ್ಲಿ ನಮ್ಮ ಹೊಳೆಯ ಮೇಲೆ ಒರೆಗೆ ಹಚ್ಚಿ ನೋಡಿ, ಇಲ್ಲಿ ಬರೆದಿದ್ದೇನೆ.

1. ನೀರಿಗೆ ತೂಕವಿದೆ, ಅದನ್ನು ಲೆಕ್ಕ ಹಾಕಿ

ಮಳೆಗಾಲದಲ್ಲಿ ನಮ್ಮ ಕಡೆ ಹೋಟೆಲಿನಲ್ಲಿ ಕೂತವರ ಬಾಯಲ್ಲೆಲ್ಲ ಕ್ಯೂಸೆಕ್. "ಹಿಡಕಲ್‌ನಿಂದ ಇಷ್ಟು ಬಿಟ್ಟಾರ, ಮಾರ್ಕಂಡೇಯದ ಶಿರೂರ ಡ್ಯಾಮಿನಿಂದ ಅಷ್ಟು ಬಿಟ್ಟಾರ" ಎಂದು ಧಾರಣೆ ಹೇಳಿದಂತೆ ಹೇಳುತ್ತಾರೆ. ಒಂದು ಕ್ಯೂಸೆಕ್ ಎಂದರೆ ಸೆಕೆಂಡಿಗೆ ಒಂದು ಘನ ಅಡಿ, ಅಂದರೆ ಸುಮಾರು 28 ಲೀಟರ್. 28 ಲೀಟರ್ ನೀರಿನ ತೂಕ 28 ಕೆ.ಜಿ. ಹೊಳೆಯಲ್ಲಿ 50,000 ಕ್ಯೂಸೆಕ್ ಹರಿದರೆ ನಿಮ್ಮ ಮುಂದೆ ಪ್ರತಿ ಸೆಕೆಂಡಿಗೆ 1,400 ಟನ್ ಹಾಯುತ್ತಿದೆ ಎಂದಾಯಿತು. ಎರಡು ಟ್ರೇಲರ್ ಕಬ್ಬು ಹೇರಿದ ಟ್ರ್ಯಾಕ್ಟರಿನಲ್ಲಿ 20 ಟನ್ ಇದೆ ಎಂದಿಟ್ಟುಕೊಳ್ಳಿ. ಸೆಕೆಂಡಿಗೆ 70 ಟ್ರ್ಯಾಕ್ಟರ್, ಬ್ರೇಕ್ ಇಲ್ಲದವು. ಇವುಗಳ ನಡುವೆ ಇಳಿದು ದಾಟುತ್ತೇನೆ ಎನ್ನುವವನಿಗೆ ಏನೆನ್ನಬೇಕು?

ಇನ್ನೊಂದು ಲೆಕ್ಕವನ್ನು ತರಬೇತಿಯಲ್ಲಿ ಹಲಗೆಯ ಮೇಲೆ ಬರೆದು ತೋರಿಸಿದರು. ನೀರಿನ ವೇಗ ಎರಡರಷ್ಟಾದರೆ ಅದರ ಒತ್ತಡ ಎರಡರಷ್ಟಲ್ಲ, ನಾಲ್ಕರಷ್ಟಾಗುತ್ತದೆ. ಗಂಟೆಗೆ 5 ಕಿ.ಮೀ., ಅಂದರೆ ನಾವು ನಡೆಯುವ ವೇಗದಲ್ಲಿ ಹರಿವ ನೀರು ನಿಂತವನ ಕಾಲುಗಳನ್ನು ಸುಮಾರು 8 ಕೆ.ಜಿ. ಬಲದಿಂದ ತಳ್ಳುತ್ತದೆ. ವೇಗ 10 ಕಿ.ಮೀ. ಆದರೆ 30 ಕೆ.ಜಿ. ಇಡೀ ಮೈ ನೀರಿನಲ್ಲಿದ್ದರೆ 60 ಕೆ.ಜಿ. ಮನುಷ್ಯ ದಣಿದು ತುಸು ಉಸಿರು ತೆಗೆದುಕೊಳ್ಳುತ್ತಾನೆ. ಹೊಳೆ ತಳ್ಳುವುದನ್ನು ನಿಲ್ಲಿಸುವುದಿಲ್ಲ.

2. ಬಾವಿಯ ಈಸು ಬೇರೆ, ಸೆಳವಿನ ಈಸು ಬೇರೆ

ಬಾವಿಯಲ್ಲಿ ನೀರು ನಿಂತಿರುತ್ತದೆ, ನಾವು ಚಲಿಸುತ್ತೇವೆ. ಹೊಳೆಯಲ್ಲಿ ನಾವು ಕೈ ಬಡಿಯದಿದ್ದರೂ ಚಲಿಸುತ್ತಲೇ ಇರುತ್ತೇವೆ. ಎಲ್ಲಿಗೆ ಹೋಗಬೇಕೆಂಬುದನ್ನು ಅರ್ಧ ನೀರೇ ತೀರ್ಮಾನಿಸಿರುತ್ತದೆ. ನಮ್ಮ ಕೈಯಲ್ಲಿ ಉಳಿದದ್ದು ಇನ್ನರ್ಧ ಮಾತ್ರ.

ಕಾಳಿಯಲ್ಲಿ ಮೊದಲು ಕಲಿಸಿದ್ದು ಈಸುವುದನ್ನಲ್ಲ, ತೇಲುವುದನ್ನು. ಅಂಗಾತ ಮಲಗಬೇಕು. ಕಾಲು ಹೊಳೆ ಹರಿಯುವ ದಿಕ್ಕಿಗೆ, ಬೆರಳು ನೀರಿನ ಮೇಲೆ ಕಾಣುವಂತೆ. ಬಂಡೆ ಎದುರಾದರೆ ತಲೆಗೆ ಬದಲು ಕಾಲು ತಾಗಲಿ ಎಂದು ಹಾಗೆ. ಎರಡೂ ಕೈ ಹರಿಗೋಲಿನ ಹುಟ್ಟು. ದಂಡೆ ಸೇರುವ ಅವಕಾಶ ಕಂಡ ಕೂಡಲೇ ಮಗುಚಿ, ಬೋರಲಾಗಿ, ಓರೆಯಾಗಿ, ಇದ್ದ ಬಲವನ್ನೆಲ್ಲ ಹಾಕಿ ಈಸಬೇಕು. ದಂಡೆಗೆ ನೇರವಾಗಿ ಹೊಡೆದವನು ಸುಸ್ತಾಗುತ್ತಾನೆ. ಓರೆಯಾಗಿ ಹೊಡೆದವನನ್ನು ಸೆಳವೇ ದಂಡೆಗೆ ಸರಿಸುತ್ತದೆ.

ಇದರೊಂದಿಗೆ ಒಂದು ನಿಷೇಧ. ಮೊಣಕಾಲಿಗಿಂತ ಆಳದ ಸೆಳವಿನಲ್ಲಿ ಎದ್ದು ನಿಲ್ಲಲು ಹೋಗಬಾರದು. ನೆಲ ಕಾಲಿಗೆ ತಾಗಿದಾಗ ನಿಲ್ಲಬೇಕೆನ್ನಿಸುವುದು ಸಹಜ. ಪಾದ ಎರಡು ಕಲ್ಲಿನ ನಡುವೆ ಸಿಕ್ಕರೆ ಹಿಂದಿನ ನೀರು ಮೈಯನ್ನು ಮುಂದಕ್ಕೆ ಮಡಚಿ, ಮುಖವನ್ನು ನೀರಿಗೆ ಒತ್ತಿ ಹಿಡಿಯುತ್ತದೆ. ಎದೆಮಟ್ಟದ ನೀರಿನಲ್ಲಿ ಒಳ್ಳೆಯ ಈಸುಗಾರರು ಸಾಯುವ ಒಂದು ಕಾರಣ ಇದು. ಕುಂಡಿ ನೆಲಕ್ಕೆ ತಾಗುವವರೆಗೂ ತೇಲುತ್ತಿರಿ ಎಂದು ನಮ್ಮ ಗುರುಗಳು ನಗಿಸುತ್ತಲೇ ಹೇಳಿಕೊಟ್ಟರು. ನಗಿಸಿದ್ದರಿಂದಲೇ ಅದು ನೆನಪಿನಲ್ಲಿ ಉಳಿಯಿತು.

3. ನಡುವಿಗೆ ಹಗ್ಗ ಕಟ್ಟಬೇಡಿ

ನನ್ನ ಪ್ರಶ್ನೆಗೆ ಉತ್ತರ ಇದು. ಸೆಳವಿನ ನಡುವೆ ಇದ್ದವನನ್ನು ಹಗ್ಗ ಹಿಡಿದು ತಡೆದರೆ, ಅವನು ನೀರಿನೊಂದಿಗೆ ಹೋಗುವುದು ನಿಲ್ಲುತ್ತದೆ, ಹರಿವ ನೀರೆಲ್ಲ ಅವನ ಮೈಗೆ ಅಪ್ಪಳಿಸಲು ಶುರುವಾಗುತ್ತದೆ. ಮೇಲೆ ಹಗ್ಗ ಜಗ್ಗುತ್ತದೆ, ಬೆನ್ನ ಮೇಲೆ ನೀರು ಏರುತ್ತದೆ, ಮೈ ಕೆಳಕ್ಕೆ ಇಳಿಯುತ್ತದೆ. ಗಾಳಿಪಟದ ದಾರ ಹಿಡಿದು ಜಗ್ಗಿದರೆ ಅದು ಮೇಲೇರುತ್ತದಲ್ಲ, ಅದೇ ಆಟ ನೀರಿನಲ್ಲಿ ತಲೆಕೆಳಗಾಗಿ ನಡೆಯುತ್ತದೆ. ಗಂಟು ನೀರಿನೊಳಗೆ ಬಿಗಿದು ಕೂತಿರುತ್ತದೆ, ಬಿಚ್ಚಲಾಗದು.

ತರಬೇತಿ ಪಡೆದ ರಕ್ಷಕರೂ ಮೈಗೆ ಹಗ್ಗ ಸಿಕ್ಕಿಸಿಕೊಂಡು ನೀರಿಗಿಳಿಯುವುದುಂಟು. ಆದರೆ ಅವರ ಜಾಕೆಟ್ಟಿನ ಪಟ್ಟಿಯಲ್ಲಿ ಎದೆಯ ಮೇಲೆ ಒಂದು ಗುಂಡಿ ಇರುತ್ತದೆ. ಅದನ್ನು ಎಳೆದರೆ ಹಗ್ಗ ಕ್ಷಣದಲ್ಲಿ ಕಳಚಿಕೊಳ್ಳುತ್ತದೆ. ಎರಡನೆಯ ದಿನ ನಮ್ಮನ್ನು ಸೆಳವಿಗೆ ಬಿಟ್ಟು, ಬೇಕೆಂದೇ ಹಗ್ಗ ಬಿಗಿ ಹಿಡಿದು, ಅದನ್ನು ಕಳಚಿಕೊಂಡು ಬನ್ನಿ ಎಂದರು. ನನ್ನ ಕೈ ನಡುಗಿತು. ನೀರು ಮುಖದ ಮೇಲೆ ಬಂದ ಕೂಡಲೇ ಆಗಸ್ಟ್ ನೆನಪಾಯಿತು. ಗುಂಡಿ ಎಳೆದೆ, ತೇಲಿದೆ. ಆ ದಿನ ರಾತ್ರಿ ಎಷ್ಟೋ ತಿಂಗಳ ಮೇಲೆ ಗಡದ್ದಾಗಿ ನಿದ್ದೆ ಹತ್ತಿತು.

4. ಕೂಗು, ಚಾಚು, ಎಸೆ, ಇಳಿಯುವುದು ಕಟ್ಟಕಡೆಗೆ

ಯಾರೋ ತೇಲಿ ಹೋಗುತ್ತಿದ್ದರೆ ನಮ್ಮಲ್ಲಿ ಮೊದಲು ಅಂಗಿ ಬಿಚ್ಚುತ್ತಾರೆ. ತರಬೇತಿಯ ಮೆಟ್ಟಿಲುಗಳಲ್ಲಿ ಅಂಗಿ ಬಿಚ್ಚುವುದು ಮೇಲಿನ ಮೆಟ್ಟಿಲು. ಕೆಳಗಿನದು ಬಾಯಿ. "ಕಾಲ್ ಮುಂದ ಮಾಡು, ಎಡಕ್ಕ ಬಾ, ಆ ಗಿಡದ ಕಡೆ ಹೊಡಿ" ಎಂದು ಕೂಗಿ ಹೇಳಿದರೆ, ಗಾಬರಿಯಾದವನಿಗೆ ಬುದ್ಧಿ ಮರಳಿ ತಾನೇ ದಂಡೆ ಸೇರುವುದುಂಟು. ಎರಡನೆಯದು ಚಾಚುವುದು: ಬಿದಿರು, ಪೈಪು, ಧೋತರ, ಏಣಿ. ಚಾಚುವವನು ನೆಲದ ಮೇಲೆ ಬೋರಲು ಮಲಗಿರಬೇಕು, ಇನ್ನೊಬ್ಬ ಅವನ ಕಾಲು ಹಿಡಿದಿರಬೇಕು. ಮೂರನೆಯದು ಹಗ್ಗ ಎಸೆಯುವುದು. ನಾಲ್ಕನೆಯದು ದೋಣಿ. ಇವೆಲ್ಲ ಸೋತ ಮೇಲೆ, ಜಾಕೆಟ್, ಹೆಲ್ಮೆಟ್, ಬೆನ್ನಿಗೆ ತಂಡ ಇದ್ದವನು ನೀರಿಗಿಳಿಯಬೇಕು. ಅದಕ್ಕೂ ಮೇಲಿನ ಮೆಟ್ಟಿಲು ಹೆಲಿಕಾಪ್ಟರ್. ಅದು ನಮ್ಮ ಕೈಯಲ್ಲಿಲ್ಲ.

ಒಬ್ಬರನ್ನು ಉಳಿಸಲು ಒಬ್ಬರ ಹಿಂದೊಬ್ಬರು ಹಾರಿ ಒಂದೇ ಮನೆಯ ಇಬ್ಬರು ಮೂವರು ಹೋದ ಸುದ್ದಿಯನ್ನು ಪ್ರತಿ ವರ್ಷ ಪತ್ರಿಕೆಯಲ್ಲಿ ಓದುತ್ತೇವೆ. ಅವರಲ್ಲಿ ಧೈರ್ಯಕ್ಕೆ ಕೊರತೆ ಇರಲಿಲ್ಲ. ಕೈಯಲ್ಲಿ ಹಗ್ಗ ಇರಲಿಲ್ಲ.

5. ಹಗ್ಗ ಎಸೆಯುವುದು ಒಂದು ವಿದ್ಯೆ

ಎಸೆಯುವ ಚೀಲ ಎಂದರೆ ಒಂದು ಮೊಳದ ಬಟ್ಟೆಯ ಚೀಲ. ಅದರೊಳಗೆ 15ರಿಂದ 20 ಮೀಟರ್ ಹಗ್ಗ. ಸುತ್ತಿ ಇಡಬಾರದು, ಹಾಗೆಯೇ ತುರುಕಬೇಕು. ಸುತ್ತಿದ್ದು ಎಸೆದಾಗ ಗಂಟಾಗುತ್ತದೆ, ತುರುಕಿದ್ದು ಬಿಡಿಸಿಕೊಂಡು ಹೋಗುತ್ತದೆ. ಹಗ್ಗ ಪಾಲಿಪ್ರೊಪಿಲಿನ್‌ನದು ಇರಬೇಕು, ಅದು ತೇಲುತ್ತದೆ. ನೈಲಾನ್ ಮುಳುಗುತ್ತದೆ. ತೀರಾ ತೆಳ್ಳಗಿದ್ದರೆ ಒದ್ದೆ ಕೈಗೆ ಹಿಡಿತ ಸಿಗದು. ಕಿರುಬೆರಳ ದಪ್ಪ ಸರಿ. ಚೀಲದ ತಳದಲ್ಲಿ ಒಂದು ತುಂಡು ಥರ್ಮಾಕೋಲ್.

ಎಸೆಯುವ ಮುಂಚೆ ಕೂಗಬೇಕು. ನೀರಿನಲ್ಲಿದ್ದವನು ನಿಮ್ಮನ್ನು ನೋಡದೆ ಎಸೆದ ಹಗ್ಗ ಹೊಳೆಗೆ ಎಸೆದ ಹಗ್ಗವಷ್ಟೇ. ಅವನ ತಲೆಯನ್ನು ದಾಟಿ ಆಚೆ ಬೀಳುವಂತೆ ಎಸೆಯಬೇಕು. ಆಗ ಹಗ್ಗ ಅವನ ಹೆಗಲ ಮೇಲೆ ಬೀಳುತ್ತದೆ. ಹಿಡಿದವನು ಅಂಗಾತ ಮಲಗಿ, ಹಗ್ಗವನ್ನು ಹೆಗಲ ಮೇಲಿಂದ ತಂದು ಎದೆಗೆ ಅವಚಿಕೊಳ್ಳಬೇಕು. ಕೈಗೆ ಸುತ್ತಿಕೊಳ್ಳಲೇಬಾರದು. ಬಿಡಬೇಕಾದಾಗ ಬಿಡಲು ಬರಬೇಕು.

ಇನ್ನು ದಂಡೆಯವನ ಕೆಲಸ. ಜಾತ್ರೆಯಲ್ಲಿ ತೇರಿನ ಮಿಣಿ ಎಳೆದು ರೂಢಿಯಾದ ನಾವು ಹಗ್ಗ ಕಂಡರೆ ನೇರವಾಗಿ ಜಗ್ಗುತ್ತೇವೆ. ಹೊಳೆಯಲ್ಲಿ ಜಗ್ಗುವುದಲ್ಲ, ನೆಲಕ್ಕೆ ಕೂತು ಹಿಡಿಯುವುದು. ಹಿಡಿದುಕೊಂಡರೆ ಸಾಕು, ತೊಟ್ಟಿಲಿನಂತೆ ಅರ್ಧ ವೃತ್ತದಲ್ಲಿ ಸೆಳವೇ ಅವನನ್ನು ದಂಡೆಗೆ ತರುತ್ತದೆ. ತೀರಾ ಬಿಗಿಯಾದರೆ ದಂಡೆಗುಂಟ ಕೆಳಕ್ಕೆ ನಾಲ್ಕು ಹೆಜ್ಜೆ ನಡೆದು ತುಸು ಸಡಿಲ ಕೊಡಬೇಕು. ನಾವು ನಾಲ್ಕು ದಿನದಲ್ಲಿ ತಲಾ ಅರವತ್ತು ಎಪ್ಪತ್ತು ಸಲ ಎಸೆದಿರಬಹುದು. ಮೊದಲ ದಿನ ಹತ್ತಕ್ಕೆ ಮೂರು ಸರಿಯಾಗಿ ಬೀಳುತ್ತಿದ್ದವು. ಕೊನೆಯ ದಿನ ಏಳು.

ಚೀಲ ಇಲ್ಲದಿದ್ದರೆ? ಐದು ಲೀಟರಿನ ಖಾಲಿ ಎಣ್ಣೆ ಕ್ಯಾನಿನಲ್ಲಿ ನಾಲ್ಕು ಬೊಗಸೆ ನೀರು ಹಾಕಿ, ಮುಚ್ಚಳ ಬಿಗಿದು, ಹಿಡಿಕೆಗೆ ಹಗ್ಗ ಕಟ್ಟಿ. ಆ ತೂಕಕ್ಕೆ ದೂರ ಹೋಗುತ್ತದೆ, ತೇಲುತ್ತದೆ, ಹಿಡಿದವನನ್ನೂ ತುಸು ತೇಲಿಸುತ್ತದೆ.

6. ಹೊಳೆಯನ್ನು ಓದಲು ಕಲಿಯಿರಿ

ಎಡದಂಡೆ, ಬಲದಂಡೆ ಎಂಬುದು ನಮ್ಮ ಕಾಲುವೆಗಳ ಹೆಸರಿನಲ್ಲೇ ಇದೆ. ಹರಿಯುವ ದಿಕ್ಕಿಗೆ ಮುಖ ಮಾಡಿ ನಿಂತಾಗ ಎಡಗೈ ಕಡೆಯದು ಎಡದಂಡೆ. ರಕ್ಷಣೆಯಲ್ಲೂ ಅದೇ ಲೆಕ್ಕ. "ಈ ಕಡಿ, ಆ ಕಡಿ" ಎಂದು ಕೂಗಿದರೆ ಎದುರು ದಂಡೆಯವನಿಗೆ ಎಲ್ಲ ತಿರುಗುಮುರುಗು.

ಸುಳಿ ಎಂದರೆ ನಮಗೆ ಸಾವು. ಆದರೆ ಬಂಡೆಯ ಬೆನ್ನ ಹಿಂದೆ ನೀರು ಹಿಮ್ಮುಖವಾಗಿ ತಿರುಗಿ ಮೆಲ್ಲಗಾಗುವ ಒಂದು ಬಗೆಯ ಸುಳಿ ಇದೆ. ರ್‍ಯಾಫ್ಟಿಂಗಿನವರು ಅದನ್ನು ಎಡ್ಡಿ ಎನ್ನುತ್ತಾರೆ. ಅದು ಸೆಳವಿನ ನಡುವಿನ ಬಸ್ ಸ್ಟಾಪು. ಅಲ್ಲಿ ಹೊಕ್ಕರೆ ಉಸಿರು ತೆಗೆದುಕೊಂಡು ಮುಂದಿನದನ್ನು ಯೋಚಿಸಬಹುದು. ಕಾಳಿಯಲ್ಲಿ ಒಂದಿಡೀ ಬೆಳಗು ಒಂದು ಎಡ್ಡಿಯಿಂದ ಇನ್ನೊಂದಕ್ಕೆ ಹಾರುವುದೇ ನಮ್ಮ ಕೆಲಸವಾಗಿತ್ತು.

ನಿಜವಾಗಿ ಹೆದರಬೇಕಾದದ್ದು ಜರಡಿಗೆ: ನೀರು ಹಾದುಹೋಗುವ, ಮನುಷ್ಯ ಹಾದುಹೋಗದ ಯಾವುದೇ ವಸ್ತು. ನಮ್ಮ ಹೊಳೆಗಳಲ್ಲಿ ದಂಡೆಯ ಜಾಲಿಕಂಟಿ, ಮುಳುಗಿದ ತಂತಿಬೇಲಿ, ಉರುಳಿದ ಮರ, ನೆರೆ ಹೊಕ್ಕ ಕಬ್ಬಿನ ಹೊಲ. ಚಹಾ ಸೋಸಿದಾಗ ಪುಡಿ ಜರಡಿಗೆ ಅಂಟಿದಂತೆ ಮನುಷ್ಯ ಅಂಟಿಕೊಳ್ಳುತ್ತಾನೆ. ತಪ್ಪಿಸಿಕೊಳ್ಳಲು ಆಗದೇ ಇದ್ದರೆ ಆಗ ಮಾತ್ರ ಅಂಗಾತ ತೇಲುವುದನ್ನು ಬಿಟ್ಟು, ತಲೆ ಮುಂದು ಮಾಡಿ, ಅದರ ಕಡೆಗೇ ಜೋರಾಗಿ ಈಸಿ, ಮೇಲಕ್ಕೆ ಹತ್ತಬೇಕು. ಇದನ್ನು ಕಲಿಸಲು ಸೆಳವಿಗೆ ಅಡ್ಡ ಒಂದು ಪಿವಿಸಿ ಪೈಪು ಕಟ್ಟಿದ್ದರು. ಮೊದಲ ಸಲ ನಾನು ಹತ್ತಲಾಗದೆ ಅದರ ಕೆಳಗೇ ತೂರಿದೆ. ಅದು ನಿಜವಾದ ಮರವಾಗಿದ್ದರೆ ಇದನ್ನು ಬರೆಯಲು ನಾನು ಇರುತ್ತಿರಲಿಲ್ಲ.

ನಮ್ಮ ಕಡೆ ಇನ್ನೂ ಎರಡು ಇವೆ. ಒಂದು, ನೆರೆಯಲ್ಲಿ ಮುಚ್ಚಿಹೋದ ತೆರೆದ ಬಾವಿ. ಮೇಲಿಂದ ನೋಡಿದರೆ ಎಲ್ಲ ಒಂದೇ ನೀರು. ಇನ್ನೊಂದು, ಕರೆಂಟು. ಪಂಪ್‌ಸೆಟ್ಟಿನ ಸ್ಟಾರ್ಟರ್ ಡಬ್ಬಿ ನೀರಿನಲ್ಲಿದ್ದರೆ, ಟ್ರಾನ್ಸ್‌ಫಾರ್ಮರಿನಿಂದ ಲೈನ್ ತೆಗೆಸುವ ತನಕ ಆ ನೀರಿಗೆ ಕಾಲಿಡಬಾರದು. ಕಸುಬಿನವನಾಗಿ ಹೇಳುತ್ತಿದ್ದೇನೆ: "ಕರೆಂಟ್ ಇಲ್ಲ" ಎಂಬ ಮಾತು ಟೆಸ್ಟರ್ ಅಲ್ಲ.

7. ಬಾಂದಾರ ಶಾಂತವಾಗಿದ್ದಷ್ಟೂ ದೂರ ನಿಲ್ಲಿ

ಗೋಕಾಕ ಫಾಲ್ಸ್‌ನಲ್ಲಿ ಘಟಪ್ರಭಾ 52 ಮೀಟರ್ ಕೆಳಕ್ಕೆ ಬೀಳುತ್ತದೆ. ಗೊಡಚಿನಮಲ್ಕಿಯಲ್ಲಿ ಮಾರ್ಕಂಡೇಯ ಎರಡು ಹಂತದಲ್ಲಿ ಬೀಳುತ್ತದೆ. ಅಲ್ಲಿ ಸದ್ದೇ ಎಚ್ಚರಿಸುತ್ತದೆ, ಯಾರೂ ಈಸಲು ಹೋಗುವುದಿಲ್ಲ. ಮೋಸ ಮಾಡುವುದು ಗಿಡ್ಡ ಗೋಡೆಗಳು. ಧುಪದಾಳದಲ್ಲಿ 1897ರಲ್ಲಿ ಕಟ್ಟಿದ ಒಡ್ಡು ಇದೆ. ಹೊಳೆಗುಂಟ ಬಾಂದಾರಗಳಿವೆ. ಆಳೆತ್ತರದಿಂದ ನೀರು ಒಂದೇ ಸಮ, ಹಾಲಿನಂತೆ ಇಳಿಯುತ್ತದೆ. ಹುಡುಗರು ಅದರ ಕೆಳಗೆ ಆಡುತ್ತಾರೆ.

ಗೋಡೆ ದಾಟಿ ಬಿದ್ದ ನೀರು ತಳಕ್ಕೆ ಹೋಗಿ ಮುಂದೆ ಉಕ್ಕುತ್ತದೆ. ಉಕ್ಕಿದ ಜಾಗದಿಂದ ಒಂದು ಭಾಗ ಮೇಲ್ಮೈಯಲ್ಲಿ ಹಿಂದಕ್ಕೆ, ಗೋಡೆಯ ಕಡೆಗೇ ಹರಿಯುತ್ತದೆ. ಅಲ್ಲಿ ಸಿಕ್ಕವನನ್ನು ಗೋಡೆಗೆ ಒಯ್ದು, ಬೀಳುವ ನೀರಿನ ಅಡಿಗೆ ಹಾಕಿ, ತಳಕ್ಕೆ ತಳ್ಳಿ, ಮುಂದೆ ಎಬ್ಬಿಸಿ, ಮತ್ತೆ ಹಿಂದಕ್ಕೆ ಎಳೆಯುತ್ತದೆ. ಬುರುಗು ನೀರಿನಲ್ಲಿ ಗಾಳಿಯೇ ತುಂಬಿದ್ದರಿಂದ ಜಾಕೆಟ್ ಕೂಡ ಸರಿಯಾಗಿ ತೇಲಿಸದು. ಇಂಗ್ಲಿಷಿನಲ್ಲಿ ಇದಕ್ಕೆ ಮುಳುಗಿಸುವ ಯಂತ್ರ ಎಂಬರ್ಥದ ಹೆಸರಿದೆ. ಬಂಡೆಯ ಸುಳಿಗೆ ಒಂದು ಬದಿಯಾದರೂ ತೆರವು ಇರುತ್ತದೆ. ಮನುಷ್ಯ ಕಟ್ಟಿದ ಗೋಡೆ ಈ ದಂಡೆಯಿಂದ ಆ ದಂಡೆಗೆ ಸಪಾಟಾಗಿರುತ್ತದೆ, ಹೊರದಾರಿ ಇರುವುದಿಲ್ಲ. ಇಡೀ ತರಬೇತಿಯಲ್ಲಿ ನಮ್ಮನ್ನು ಇಳಿಸಿ ತೋರಿಸದೆ, ಬರೀ ಚಿತ್ರ ಬರೆದು ಹೇಳಿದ ಪಾಠ ಇದೊಂದೇ.

8. ಸೇತುವೆಯ ಮೇಲಿನ ಒಂದು ಗೇಣು ನೀರು

ಗೋಕಾಕದ ಶಿಂಗಳಾಪುರ ಸೇತುವೆಯಂಥ ಗಿಡ್ಡ ಸೇತುವೆಗಳು ಹೊಳೆ ತುಸು ಏರಿದರೆ ಮುಳುಗುತ್ತವೆ. ದಾಟುವವರ ವಾದ ಒಂದೇ: "ಮೊಣಕಾಲ್ತನಾನೂ ಇಲ್ಲ." ಹರಿವ ನೀರು ಅರ್ಧ ಅಡಿ ಇದ್ದರೂ ನಿಂತ ಮನುಷ್ಯನನ್ನು ಬೀಳಿಸಬಲ್ಲದು. ಒಂದು ಅಡಿಗೆ ಸಣ್ಣ ಕಾರು ತೇಲುತ್ತದೆ. ಎರಡು ಅಡಿಗೆ ಬಹುತೇಕ ವಾಹನಗಳು ಕೊಚ್ಚಿಹೋಗುತ್ತವೆ. ಕಾರು ಎಂದರೆ ಚಕ್ರ ಇರುವ ಡಬ್ಬಿ. ಡಬ್ಬಿ ತೇಲಿದ ಮೇಲೆ ಸ್ಟೇರಿಂಗ್ ಆಟದ ಸಾಮಾನು. ಟ್ರ್ಯಾಕ್ಟರ್ ಭಾರ ಎಂದು ಟ್ರೇಲರಿನಲ್ಲಿ ಆಳುಗಳನ್ನು ಕೂರಿಸಿಕೊಂಡು ದಾಟಿಸುತ್ತಾರೆ. ಟ್ರ್ಯಾಕ್ಟರ್ ಭಾರ ಇರಬಹುದು, ಸರಕಿಲ್ಲದ ಟ್ರೇಲರ್ ಅಲ್ಲ. ನೀರಿನ ಕೆಳಗೆ ರಸ್ತೆ ಉಳಿದಿದೆಯೋ ಕೊಚ್ಚಿಹೋಗಿದೆಯೋ ಯಾರಿಗೂ ಕಾಣದು.

9. ನೀರಿನಲ್ಲಿ ಒಬ್ಬ ಇದ್ದರೆ ದಂಡೆಯಲ್ಲಿ ನಾಲ್ವರಿಗೆ ಕೆಲಸವಿದೆ

ನಮ್ಮಲ್ಲಿ ಘಟನೆ ಆದ ಜಾಗದಲ್ಲೇ ಇನ್ನೂರು ಜನ ನೆರೆಯುತ್ತಾರೆ. ತೇಲಿ ಹೋಗುವವನು ಆ ಜಾಗದಲ್ಲಿ ನಿಂತಿರುವುದಿಲ್ಲ. ತರಬೇತಿಯ ನಿಯಮ ಹೀಗಿದೆ: ಒಬ್ಬ ಮೇಲ್ಗಡೆ ನಿಂತು ತೇಲಿ ಬರುವ ದಿಮ್ಮಿ, ಮರ, ಏರುವ ನೀರು ಕಂಡರೆ ಸೀಟಿ ಊದಬೇಕು. ಇಬ್ಬರು ಕೆಳಗಡೆ ಎಸೆಯುವ ಹಗ್ಗ ಹಿಡಿದು ಕಾಯಬೇಕು, ಮೊದಲಿನವನ ಗುರಿ ತಪ್ಪಿದರೆ ಎರಡನೆಯವನು ಇದ್ದಾನೆ. ಒಬ್ಬ ಯಾವ ಹಗ್ಗವನ್ನೂ ಮುಟ್ಟದೆ ಎಲ್ಲವನ್ನೂ ನೋಡುತ್ತ ಮಾತಾಡಬೇಕು. ಇಷ್ಟು ಸಿದ್ಧವಾಗದೆ ಯಾರೂ ನೀರಿಗೆ ಇಳಿಯಬಾರದು.

ಹೊಳೆಯ ಸದ್ದಿನಲ್ಲಿ ಮಾತು ಕೇಳಿಸದು. ಒಂದು ಸೀಟಿ ಎಂದರೆ ಇತ್ತ ನೋಡು. ಮೂರು ಸೀಟಿ ಮತ್ತೆ ಮತ್ತೆ ಎಂದರೆ ಆಪತ್ತು. ತಲೆಯ ಮೇಲೆ ಅಂಗೈ ಇಟ್ಟರೆ ಆರಾಮ ಇದ್ದೇನೆ ಎಂದರ್ಥ. ಕೈ ಮಾಡಿ ತೋರಿಸುವುದಾದರೆ ಅಪಾಯವನ್ನು ತೋರಿಸಬಾರದು, ಹೋಗಬೇಕಾದ ದಿಕ್ಕನ್ನೇ ತೋರಿಸಬೇಕು. ಗಾಬರಿಯಾದವನು ಬೆರಳು ತೋರಿದ ಕಡೆಗೆ ಹೋಗುತ್ತಾನೆ.

ಮೊದಲ ಕೆಲಸ ಮಾತ್ರ ಯಾರಾದರೂ ಮಾಡಬಹುದು: 112ಕ್ಕೆ ಫೋನು. ಅಗ್ನಿಶಾಮಕ ದಳಕ್ಕೆ 101, ಆಂಬುಲೆನ್ಸ್‌ಗೆ 108. ವಿಡಿಯೊ ಮಾಡಲು ಎತ್ತಿದ ಮೊಬೈಲುಗಳಲ್ಲಿ ಒಂದರಿಂದ ಸಾಕು.

10. ತೆಗೆದ ಮೇಲೆ ಹೊಟ್ಟೆ ಒತ್ತಬೇಡಿ

ನೀರಿನಿಂದ ತೆಗೆದವನನ್ನು ಕಾಲು ಹಿಡಿದು ತಿರುಗಿಸುವುದು, ಬೋರಲು ಹಾಕಿ ಹೊಟ್ಟೆ ಒತ್ತುವುದು ನಮ್ಮಲ್ಲಿ ಈಗಲೂ ಇದೆ. ಹೊಟ್ಟೆಯ ನೀರು ಕೊಲ್ಲುವುದಿಲ್ಲ. ಮೆದುಳಿಗೆ ಗಾಳಿ ಹೋಗದಿರುವುದು ಕೊಲ್ಲುತ್ತದೆ. ಹೊಟ್ಟೆ ಒತ್ತಿದರೆ ಒಳಗಿದ್ದದ್ದು ಗಂಟಲಿಗೆ ಬಂದು ಶ್ವಾಸಕ್ಕೆ ಇಳಿಯುತ್ತದೆ. ಉಸಿರು ಇಲ್ಲದಿದ್ದರೆ ಅಂಗಾತ ಮಲಗಿಸಿ, ಗದ್ದ ಎತ್ತಿ, ಮೂಗು ಮುಚ್ಚಿ, ಬಾಯಿಂದ ಮೊದಲು ಐದು ಸಲ ಉಸಿರು ಊದಬೇಕು. ಆಮೇಲೆ ಎದೆಯ ನಡುವೆ 30 ಸಲ ಒತ್ತುವುದು, 2 ಸಲ ಊದುವುದು, ಆಂಬುಲೆನ್ಸ್ ಬರುವವರೆಗೆ. ಉಸಿರು ಮರಳಿ ಬಂದು ಎದ್ದು ಕೂತು ಚಹಾ ಕುಡಿದವನನ್ನೂ ಆಸ್ಪತ್ರೆಗೆ ಒಯ್ಯಲೇಬೇಕು. ಶ್ವಾಸಕೋಶಕ್ಕೆ ಹೋದ ನೀರು ಗಂಟೆಗಳ ನಂತರವೂ ಕಾಡುತ್ತದೆ.

11. ನಾಲ್ಕು ದಿನ ಕಲಿತವನು ನಾಲ್ಕು ದಿನ ಕಲಿತವನಷ್ಟೇ

ತರಬೇತಿಯಿಂದ ಬಂದವನು ಊರಿನಲ್ಲಿ ದೊಡ್ಡ ಈಸುಗಾರ ಎನ್ನಿಸಿಕೊಂಡೆ. ಅದೇ ನನಗೆ ಹೆದರಿಕೆ ಹುಟ್ಟಿಸಿತು. 2019ರ ಅದೇ ಆಗಸ್ಟ್‌ನಲ್ಲಿ, ಗಂಗಾವತಿ ಬಳಿಯ ವಿರುಪಾಪುರ ಗಡ್ಡೆಯಲ್ಲಿ, ತುಂಗಭದ್ರೆಯ ಸೆಳವಿಗೆ ರಕ್ಷಣಾ ಸಿಬ್ಬಂದಿಯ ದೋಣಿಯೇ ಮಗುಚಿತ್ತು. ನೀರಿಗೆ ಬಿದ್ದವರು ಬದುಕಿ ಬಂದರು. ಅವರ ಮೈಮೇಲೆ ಜಾಕೆಟ್ ಇತ್ತು, ಹಿಂದೆ ತಂಡವಿತ್ತು, ವರ್ಷಗಟ್ಟಲೆಯ ಅಭ್ಯಾಸವಿತ್ತು. ಅವರಿಗೇ ಹಾಗಾದ ಮೇಲೆ ನನ್ನ ಪಾಡೇನು?

ಮುಂದೆ ಕಲಿಯಬೇಕೆನ್ನುವವರಿಗೆ ದಾರಿಗಳಿವೆ. ರಾಷ್ಟ್ರೀಯ ವಿಪತ್ತು ನಿರ್ವಹಣಾ ಪ್ರಾಧಿಕಾರದ ಆಪದಾ ಮಿತ್ರ ಯೋಜನೆಯಲ್ಲಿ ಸ್ವಯಂಸೇವಕರಿಗೆ 12 ದಿನಗಳ ತರಬೇತಿ ಕೊಟ್ಟಿದ್ದಾರೆ. ನಿಮ್ಮ ಜಿಲ್ಲೆಯಲ್ಲಿ ಈಗ ಅಂಥ ತರಬೇತಿ ಇದೆಯೇ ಎಂದು ಜಿಲ್ಲಾಧಿಕಾರಿ ಕಚೇರಿಯಲ್ಲಿ ಕೇಳಿ. ಕಲಿತದ್ದನ್ನು ವರ್ಷಕ್ಕೊಮ್ಮೆಯಾದರೂ ಮಾಡಿ ನೋಡದಿದ್ದರೆ ಕೈ ಮರೆಯುತ್ತದೆ. ನಾವು ಎಂಟು ಜನ ಮೇ ತಿಂಗಳ ಒಂದು ಭಾನುವಾರ, ಹೊಳೆ ಸಣ್ಣದಾಗಿರುವಾಗ, ದಂಡೆಯ ಮೇಲೆ ಹಗ್ಗ ಎಸೆದು ಗುರಿ ನೋಡುತ್ತೇವೆ. ನೀರಿನಲ್ಲಿ ಇಡುವುದು ಮನುಷ್ಯನನ್ನಲ್ಲ, ಖಾಲಿ ಕ್ಯಾನನ್ನು. ಈ ಎಲ್ಲ ವರ್ಷಗಳಲ್ಲಿ ಆ ಹಗ್ಗ ನಿಜವಾದ ಕೆಲಸಕ್ಕೆ ಬಂದದ್ದು ಒಂದೇ ಸಲ, ಅದೂ ಎಮ್ಮೆ ಹೊಡೆದುಕೊಂಡು ಹೋಗಿದ್ದ ಹುಡುಗನೊಬ್ಬ ಹಳ್ಳದ ನೀರಿಗೆ ಸಿಕ್ಕಾಗ. ಹದಿನೈದು ಮೀಟರ್ ಹಗ್ಗ, ಎರಡನೆಯ ಎಸೆತ. ಯಾರ ಮೊಣಕಾಲೂ ಒದ್ದೆಯಾಗಲಿಲ್ಲ.

ಮೋಟರಿನ ವಿಷಯದಲ್ಲೂ ನನ್ನ ಅಂಗಡಿಯ ನಿಯಮ ಬದಲಾಗಿದೆ. ಮೃಗಶಿರ ಮಳೆ ಹಿಡಿಯುವ ಮುಂಚೆ ಫೋನು ಮಾಡಿದರೆ ಅರ್ಧ ಕೂಲಿಗೆ ಬಂದು ಬಿಚ್ಚಿಕೊಡುತ್ತೇನೆ. ಹೊಳೆ ಏರಿದ ಮೇಲೆ ಎಷ್ಟು ಕೊಟ್ಟರೂ ಇಳಿಯುವುದಿಲ್ಲ. ಮುಳುಗಿದ ಮೋಟರನ್ನು ನೀರು ಇಳಿದ ಮೇಲೆ ತಂದುಕೊಡಿ, ಒಣಗಿಸಿ, ಹೊಸ ತಂತಿ ಸುತ್ತಿ ಓಡಿಸಿಕೊಡುತ್ತೇನೆ. ಅದು ನನಗೆ ಬರುವ ಕೆಲಸ. ನಿಮ್ಮ ಊರಿನ ಹಗ್ಗದ ಚೀಲ ಎಲ್ಲಿದೆ ಎಂದು ಮಾತ್ರ ಈ ಮಳೆಗಾಲಕ್ಕೆ ಮುಂಚೆ ಒಮ್ಮೆ ಕೇಳಿಕೊಳ್ಳಿ. ಇಲ್ಲದಿದ್ದರೆ ಇಪ್ಪತ್ತು ಮೀಟರ್ ತೇಲುವ ಹಗ್ಗ ಕೊಂಡು, ಹೊಳೆಗೆ ಹತ್ತಿರದ ಮನೆಯ ಬಾಗಿಲ ಹಿಂದೆ, ಎಲ್ಲರಿಗೂ ಗೊತ್ತಿರುವ ಮೊಳೆಗೆ ತೂಗುಹಾಕಿ.